40 ಸೆಕೆಂಡಿನ ಮಸಾಲೆ ದೋಸೆ: ನಾನು ಪ್ರಾಡಕ್ಟ್ ಮ್ಯಾನೇಜರ್ ಆದ ಕಥೆ

ಪುಣೆಯಲ್ಲಿ ಮೈಕ್ ಹಿಡಿದು ಕನ್ನಡದಲ್ಲಿ ಮಾತಾಡೋ ಅವಕಾಶ ನನ್ನಂಥವನಿಗೆ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ಆಫೀಸಲ್ಲಿ ಇಂಗ್ಲಿಷು, ಸೊಸೈಟಿಯಲ್ಲಿ ಮರಾಠಿ, ಕ್ಯಾಬ್‌ನಲ್ಲಿ ಹಿಂದಿ. ಹಾಗಾಗಿ ನಡುವೆ ಇಂಗ್ಲಿಷ್ ಪದ ಜಾಸ್ತಿ ಬಂದ್ರೆ ಕ್ಷಮಿಸಿ.

ಇವತ್ತಿನ ವಿಷಯ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್. ನಾನು ಓದಿದ್ದು ಕಂಪ್ಯೂಟರ್ ಸೈನ್ಸು, ಎಂಟೆಕ್. ಕೋಡ್ ಬರೆಯೋದೇ ನನ್ನ ಕೆಲಸ ಅಂದುಕೊಂಡಿದ್ದೆ. ದಾವಣಗೆರೆಯಲ್ಲಿ ನಮ್ಮಮ್ಮ ಈಗಲೂ ಕೇಳಿದವರಿಗೆ "ಕಂಪ್ಯೂಟರ್‌ನಲ್ಲಿ ಇದಾನೆ" ಅಂತಲೇ ಹೇಳೋದು. ಅದು ತಪ್ಪೇನೂ ಅಲ್ಲ. ಆದ್ರೆ ಕಂಪ್ಯೂಟರ್‌ನಿಂದ ಎದ್ದು ಹತ್ತು ದಿನ ಒಂದು ಹೋಟೆಲಿನ ಗಲ್ಲಾ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತಿದ್ದಕ್ಕೆ ನನಗೆ ಈ ಕೆಲಸ ಸಿಕ್ಕಿದ್ದು. ಆ ಹತ್ತು ದಿನದ ಕಥೆ ಹೇಳ್ತೀನಿ. ಅದರಲ್ಲಿ ನಾನು ಹೀರೋ ಅಲ್ಲ, ಮೊದಲೇ ಹೇಳಿಬಿಡ್ತೀನಿ.

2017ರ ಮೇ ತಿಂಗಳು. ಬಿಇ ಮುಗಿಸಿ ಎರಡು ವರ್ಷ ಒಂದು ಸರ್ವಿಸ್ ಕಂಪನಿಯಲ್ಲಿ ದುಡಿದು, ಗೇಟ್ ಬರೆದು, ಸುರತ್ಕಲ್‌ನಲ್ಲಿ ಎಂಟೆಕ್ ಸೇರಿದ್ದೆ. ಮೊದಲ ವರ್ಷ ಮುಗಿದಿತ್ತು. ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ಕ್ಲಾಸಿನವರೆಲ್ಲ ದೊಡ್ಡ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಹಿಡಿದಿದ್ದರು. ನನಗೆ ಸಿಕ್ಕಿದ್ದು ಮುಂಬೈ ಅಂಧೇರಿ ಪೂರ್ವದ ಮರೋಳದಲ್ಲಿ ಒಂದು ಸ್ಟಾರ್ಟಪ್. ಹನ್ನೊಂದು ಜನ, ಎರಡು ರೂಮು, ಕೆಳಗಡೆ ತಗಡಿನ ವರ್ಕ್‌ಶಾಪು. ಮಧ್ಯಾಹ್ನ ಗ್ರೈಂಡರ್ ಶುರುವಾದ್ರೆ ಫೋನಲ್ಲಿ ಮಾತಾಡೋಕೂ ಆಗ್ತಿರಲಿಲ್ಲ.

ಅವರು ಮಾಡ್ತಿದ್ದದ್ದು ಸಣ್ಣ ಹೋಟೆಲ್‌ಗಳಿಗೆ ಬಿಲ್ಲಿಂಗ್ ಆ್ಯಪ್. ಸಪ್ಲೈಯರ್ ಕೈಯಲ್ಲಿ ಒಂದು ಆಂಡ್ರಾಯ್ಡ್ ಫೋನು. ಟೇಬಲ್ ಹತ್ತಿರ ನಿಂತು ಆರ್ಡರ್ ಒತ್ತಿದ್ರೆ ಅಡುಗೆಮನೆಯ ಪ್ರಿಂಟರ್‌ನಲ್ಲಿ ಚೀಟಿ ಬರುತ್ತೆ, ಅದಕ್ಕೆ ಹೋಟೆಲಿನವರು ಕೆಒಟಿ ಅಂತಾರೆ. ಊಟ ಆದ ಮೇಲೆ ಗಲ್ಲಾದಲ್ಲಿ ಬಿಲ್ ಬರುತ್ತೆ. ಇಷ್ಟೇ.

ನನಗೆ ಕೊಟ್ಟ ಸಮಸ್ಯೆ: ನೆಟ್‌ವರ್ಕ್ ಹೋದಾಗ ಐದು ಫೋನಿನ ಆರ್ಡರ್‌ಗಳು ಬೇರೆ ಬೇರೆ ಉಳಿದುಬಿಡ್ತವೆ, ನೆಟ್‌ವರ್ಕ್ ಬಂದಾಗ ಯಾವುದು ಮೊದಲು ಯಾವುದು ಆಮೇಲೆ ಅಂತ ಸರಿಯಾಗಿ ಜೋಡಿಸಬೇಕು. ಎಂಟೆಕ್ ಹುಡುಗನಿಗೆ ಇದು ಹಬ್ಬದೂಟ. ಬೇರೆ ಬೇರೆ ಗಡಿಯಾರಗಳಿರೋ ಯಂತ್ರಗಳಲ್ಲಿ ಘಟನೆಗಳ ಕ್ರಮ ಗೊತ್ತುಮಾಡೋದು ಹೇಗೆ ಅಂತ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಬರೆದ ಪ್ರಸಿದ್ಧ ಪೇಪರ್ ಇದೆ. ಅದನ್ನು ಪ್ರಿಂಟ್ ತೆಗೆದು ಲೋಕಲ್ ಟ್ರೇನಲ್ಲಿ ಓದಿದ್ದೀನಿ. ಇಡ್ಲಿ-ವಡೆ ಆರ್ಡರ್ ಮಾಡೋದಕ್ಕೆ! ಮೂರು ವಾರ ಅದರಲ್ಲೇ ಮುಳುಗಿದ್ದೆ.

ಈ ನಡುವೆ ಅರ್ಧ ದಿನದ ಒಂದು ಚಿಲ್ಲರೆ ಕೆಲಸ ಬಂತು. ಹೋಟೆಲ್ ಮಾಲೀಕರಿಗೆ ಒಂದು ರಿಪೋರ್ಟ್ ಬೇಕಂತೆ: ಯಾವ ಸಪ್ಲೈಯರ್ ದಿನಕ್ಕೆ ಎಷ್ಟು ಐಟಂ ಕ್ಯಾನ್ಸಲ್ ಮಾಡಿದ, ಅದರ ಮೊತ್ತ ಎಷ್ಟು. ರಾತ್ರಿ ಹನ್ನೊಂದಕ್ಕೆ ಮಾಲೀಕರ ಫೋನಿಗೆ ಮೆಸೇಜ್ ಹೋಗಬೇಕು. ಕಾರಣವೂ ಇತ್ತು. ಗಿರಾಕಿ ತಿಂದು ನಗದು ಕೊಡ್ತಾನೆ, ಅವನು ಹೋದ ಮೇಲೆ ಬಿಲ್ಲಿನಿಂದ ಎರಡು ಐಟಂ ಕ್ಯಾನ್ಸಲ್ ಮಾಡಿ ಆ ದುಡ್ಡು ಜೇಬಿಗೆ ಹಾಕ್ಕೊಳ್ಳೋದು. ಇದು ಹೋಟೆಲ್ ಧಂದೆಯ ಹಳೇ ರೋಗ. ಊಟದ ನಂತರ ಕೂತು ಸಂಜೆ ಚಹಾ ಹೊತ್ತಿಗೆ ಮುಗಿಸಿದೆ. ಜೂನ್ 1ರಿಂದ ಚಾಲೂ ಆಯಿತು. ಆಮೇಲೆ ಅದನ್ನ ಮರೆತೇಬಿಟ್ಟೆ.

ಎರಡು ವಾರದಲ್ಲಿ ನಮ್ಮ ಫೌಂಡರ್ ಖುಷಿಯಿಂದ ಕೂಗಿ ಕರೆದರು. ಘಾಟ್‌ಕೋಪರ್‌ನ ಒಂದು ಉಡುಪಿ ಹೋಟೆಲ್‌ನಲ್ಲಿ ಮೊದಲ ವಾರ ದಿನಕ್ಕೆ ಏಳೆಂಟು ಕ್ಯಾನ್ಸಲ್ ಇದ್ದದ್ದು ಸೊನ್ನೆಗೆ ಇಳಿದಿತ್ತು. "ನೋಡು, ಕಳ್ಳತನ ನಿಂತೇ ಹೋಯ್ತು!" ಹೂಡಿಕೆದಾರರಿಗೆ ತೋರಿಸೋ ಸ್ಲೈಡ್‌ನಲ್ಲಿ ಆ ಗ್ರಾಫ್ ಸೇರಿತು. ನನಗೂ ಹೆಮ್ಮೆ ಆಯ್ತು, ಸುಳ್ಳು ಯಾಕೆ ಹೇಳಲಿ.

ಅದೇ ಹೋಟೆಲಿನ ಡೇಟಾದಲ್ಲಿ ನನಗೆ ಇನ್ನೊಂದು ವಿಚಿತ್ರ ಕಂಡಿತ್ತು. ಆರ್ಡರ್ ಒತ್ತಿದ ಹೊತ್ತಿಗೂ ಬಿಲ್ ಬಂದ ಹೊತ್ತಿಗೂ ಬರೀ 40 ಸೆಕೆಂಡ್ ಅಂತರ. ಮಸಾಲೆ ದೋಸೆ ಹುಯ್ದು, ತಂದುಕೊಟ್ಟು, ತಿಂದು, ಕೈ ತೊಳೆದು ಬರೋದು 40 ಸೆಕೆಂಡಲ್ಲಿ ಆಗುತ್ತಾ? ಆಗಲ್ಲ. ನಾನು ಏನು ತೀರ್ಮಾನ ಮಾಡಿದೆ ಗೊತ್ತಾ? "ಸಿಂಕ್ ತಡ ಆಗ್ತಿದೆ, ಫೋನಿನ ಗಡಿಯಾರ ತಪ್ಪಿದೆ" ಅಂತ. ಅದನ್ನ ಸರಿಮಾಡೋಕೆ ಇನ್ನೂ ನಾಲ್ಕು ದಿನ ಕೋಡ್ ಬರೆದೆ. ಒಂದು ಸಲ ಹೋಟೆಲ್‌ಗೆ ಫೋನ್ ಮಾಡಿ ಕೇಳಬಹುದಿತ್ತು. ತಲೆಗೇ ಬರಲಿಲ್ಲ.

ಅಷ್ಟರಲ್ಲಿ ಜಿಎಸ್‌ಟಿ ಬಂತು. 2017ರ ಜುಲೈ 1ರಿಂದ ಇಡೀ ದೇಶದ ಬಿಲ್ ಬದಲಾಗಬೇಕು. ಎಸಿ ಇಲ್ಲದ ಹೋಟೆಲ್‌ಗೆ ಶೇಕಡಾ 12, ಎಸಿ ಇದ್ದರೆ 18. ಈ ಉಡುಪಿ ಹೋಟೆಲ್‌ಗಳಲ್ಲಿ ಕೆಳಗೆ ಫ್ಯಾನು, ಮೇಲೊಂದು ಸಣ್ಣ ಎಸಿ ರೂಮು. ಅವರಿಗೆ ಯಾವ ದರ? ಎಲ್ಲಾ ಕಡೆ ಅದೇ ಗಲಾಟೆ. (ಯಾವುದೋ ಒಂದು ಭಾಗಕ್ಕೆ ಎಸಿ ಇದ್ದರೂ ಇಡೀ ಹೋಟೆಲ್‌ಗೆ 18 ಅಂತ ಸ್ಪಷ್ಟನೆ ಬಂದದ್ದು ಆಗಸ್ಟ್‌ನಲ್ಲಿ. ನವೆಂಬರ್ 15ಕ್ಕೆ ಅದೂ ಹೋಗಿ ಇಂಥ ಹೋಟೆಲ್‌ಗಳಿಗೆಲ್ಲ 5 ಆಯ್ತು. ಆ ವರ್ಷ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತಿದ್ದವರನ್ನ ಕೇಳಿ, ನಿದ್ದೆಗೆಟ್ಟ ಕಥೆ ಹೇಳ್ತಾರೆ.) ಆಫೀಸಿನ ಹನ್ನೊಂದೂ ಜನರನ್ನ ಬೀದಿಗೆ ಕಳಿಸಿದರು. ನನಗೆ ಫೌಂಡರ್ ಹೇಳಿದ್ದು: "ನೀನು ಕನ್ನಡದವನು, ಶೆಟ್ಟರ ಹೋಟೆಲ್‌ಗೆ ಹೋಗು." ಹಾಗೆ ಜೂನ್ 22ಕ್ಕೆ ಘಾಟ್‌ಕೋಪರ್‌ಗೆ ಹೋದೆ. ಮೂರು ದಿನದ ಕೆಲಸ ಹತ್ತು ದಿನ ಆಯ್ತು.

ಮೊದಲ ದಿನ ಬೆಳಿಗ್ಗೆ ಏಳಕ್ಕೇ ನನಗೆ ಅರ್ಥ ಆಗಿಹೋಯ್ತು. ಯಾವ ಸಪ್ಲೈಯರ್ ಕೂಡ ಫೋನ್ ಮುಟ್ತಿರಲಿಲ್ಲ. "ಎರಡು ಸಾದಾ, ಒಂದು ಸೆಟ್ಟು, ಮೂರು ನಂಬರ್!" ಅಂತ ಅಡುಗೆಮನೆ ಕಿಟಕಿಗೆ ಕೂಗೋದು. ಗಿರಾಕಿ ತಿಂದು, ಕಾಫಿ ಕುಡಿದು, ಬಿಲ್ ಕೇಳಿದಾಗ ಜೇಬಿಂದ ಫೋನ್ ತೆಗೆದು ಎಲ್ಲಾ ಒಟ್ಟಿಗೆ ಒತ್ತೋದು. 40 ಸೆಕೆಂಡಲ್ಲಿ ಬಿಲ್. ಒಳಗಡೆ ಅಡುಗೆ ಭಟ್ಟರ ತಲೆ ಮೇಲೆ ನಮ್ಮ ಪ್ರಿಂಟರ್ ಟರ್‌ರ್‌ ಅಂತ ಚೀಟಿ ಉಗುಳ್ತಿತ್ತು, ಆಗಲೇ ತಿಂದು ಮುಗಿಸಿದ ದೋಸೆಗಳದ್ದು. ಅವರು ಅದನ್ನ ನೋಡದೇ ಕಿತ್ತು ತಂತಿಗೆ ಚುಚ್ಚುತ್ತಿದ್ದರು. "ಇದೆಂಥದಕ್ಕೆ ಮಾರಾಯ್ರೆ, ಒಲೆ ಹಚ್ಚಲಿಕ್ಕೂ ಆಗೂದಿಲ್ಲ ಈ ಕಾಗದ" ಅಂದರು.

ನನ್ನ ಲ್ಯಾಂಪೋರ್ಟ್ ಗಡಿಯಾರ ಎಲ್ಲಾ ಅಲ್ಲೇ ಕರಗಿಹೋಯ್ತು. ನೆಟ್‌ವರ್ಕ್ ಸಮಸ್ಯೆ ಅನ್ನೋದೇ ಇರಲಿಲ್ಲ ಅಲ್ಲಿ.

ಯಾಕೆ ಹೀಗೆ ಅಂತ ಯಾರನ್ನ ಕೇಳಿದ್ರೂ ನಕ್ಕು ಮುಂದೆ ಹೋಗ್ತಿದ್ದರು. ನಾನು ಕಂಪನಿ ಕಡೆಯವನು, ಅಂದ್ರೆ ಮಾಲೀಕರ ಕಡೆಯವನು. ಮೂರನೇ ದಿನ ಮಧ್ಯಾಹ್ನ, ಗಿರಾಕಿ ಕಡಿಮೆ ಆದ ಹೊತ್ತಲ್ಲಿ, ಬೈಂದೂರು ಕಡೆಯ ಹುಡುಗನೊಬ್ಬ ಪಕ್ಕಕ್ಕೆ ಬಂದು ಕೂತ. ಇಪ್ಪತ್ತು ವರ್ಷ ಇರಬೇಕು. ಊಟ, ಮಲಗೋದು ಹೋಟೆಲ್‌ನಲ್ಲೇ, ಸಂಬಳ 9,000. ಸುರತ್ಕಲ್‌ನಲ್ಲಿ ಓದ್ತೀನಿ ಅಂದದ್ದಕ್ಕೆ ಊರಿನವನೇ ಸಿಕ್ಕ ಹಾಗಾಗಿತ್ತು ಅವನಿಗೆ. ಜೇಬಿಂದ ಒಂದು ಸಣ್ಣ ಪಾಕೆಟ್ ಡೈರಿ ತೆಗೆದು ತೋರಿಸಿದ. ಜೂನ್ 2: 45. ಜೂನ್ 3: 110. ಹೀಗೇ ಜೂನ್ 13ರವರೆಗೆ. ಒಟ್ಟು 1,140 ರೂಪಾಯಿ.

ನಮ್ಮ ರಿಪೋರ್ಟ್ ದಿನಾ ರಾತ್ರಿ ಬರ್ತಿತ್ತಲ್ಲ, ಮ್ಯಾನೇಜರು ಅದನ್ನ ನೋಡಿ ಕ್ಯಾನ್ಸಲ್ ಆದದ್ದನ್ನೆಲ್ಲ ಆಯಾ ಹುಡುಗನ ಸಂಬಳದಿಂದ ಕಟ್ ಅಂತ ಬರೆದುಕೊಳ್ತಿದ್ದರು. ಗಿರಾಕಿ ಮನಸ್ಸು ಬದಲಾಯಿಸಿ ಸಾದಾ ಬೇಡ ಮಸಾಲೆ ಕೊಡು ಅಂದ್ರೂ ಕಟ್. ವಡೆ ಮುಗಿದಿದೆ ಅಂತ ಒಳಗಿಂದ ಕೂಗಿದ್ರೂ ಕಟ್. ಇನ್ನೊಂದು ಕಾರಣ ಇತ್ತು, ಅದನ್ನ ಹೇಳೋಕೆ ಇವತ್ತಿಗೂ ನಾಚಿಕೆ. ಟೇಬಲ್ ಒರೆಸಿ, ನೀರು ಇಟ್ಟು, ಒದ್ದೆ ಬೆರಳಲ್ಲಿ ಒತ್ತಿದ್ರೆ ಟಚ್ ಸ್ಕ್ರೀನ್ ಸರಿಯಾಗಿ ಕೇಳಲ್ಲ, ಪಕ್ಕದ್ದು ಒತ್ತಿಬಿಡುತ್ತೆ. ಸಾದಾ ದೋಸೆ ಪಕ್ಕದಲ್ಲೇ ಮಸಾಲೆ ದೋಸೆ ಇತ್ತು. ತಪ್ಪು ಸರಿಮಾಡಬೇಕಂದ್ರೆ ಕ್ಯಾನ್ಸಲ್ ಒಂದೇ ದಾರಿ. ಆದ್ದರಿಂದ ಹುಡುಗರೆಲ್ಲ ಮಾತಾಡಿಕೊಂಡು, ಗಿರಾಕಿ ತಿಂದು ಏಳೋವರೆಗೂ ಒತ್ತೋದೇ ಬೇಡ ಅಂತ ತೀರ್ಮಾನ ಮಾಡಿದ್ದರು. ಅದೇ ನಮ್ಮ ಫೌಂಡರ್ ಸ್ಲೈಡ್‌ನ ಸೊನ್ನೆ.

ಹುಡುಗ ಕೇಳಿದ: "ಈ ಕ್ಯಾನ್ಸಲ್ ಲೆಕ್ಕ ಯಾರು ಮಾಡಿದ್ದು, ನಿಮ್ಮ ಆಫೀಸಲ್ಲಿ?"

ನಾನು ಹೇಳಿದೆ: "ಯಾರೋ ಇದಾರೆ. ನಾನು ಹೇಳಿ ನೋಡ್ತೀನಿ."

ಅರ್ಧ ದಿನದ ಕೆಲಸ. ನನ್ನದೇ ಕೈ.

ಆ ರಾತ್ರಿ ರೂಮಿಗೆ ಹೋಗಿ ಡೇಟಾಬೇಸ್ ತೆಗೆದೆ. ಜೂನ್‌ನಲ್ಲಿ ಆ ಹೋಟೆಲ್‌ನಲ್ಲಿ ಒಟ್ಟು 86 ಕ್ಯಾನ್ಸಲ್. ಕಳ್ಳತನ ಆಗಬೇಕಂದ್ರೆ ಬಿಲ್ ಆದ ಮೇಲೆ ಕ್ಯಾನ್ಸಲ್ ಆಗಬೇಕು, ಅಲ್ವಾ? ಗಿರಾಕಿ ದುಡ್ಡು ಕೊಟ್ಟ ಮೇಲೆ. ಬಿಲ್‌ಗೆ ಮುಂಚೆ ಕ್ಯಾನ್ಸಲ್ ಮಾಡಿದ್ರೆ ಕದಿಯೋಕೆ ಅಲ್ಲಿ ದುಡ್ಡೇ ಇಲ್ಲ. ಆ ಲೆಕ್ಕದಲ್ಲಿ ವಿಂಗಡಿಸಿದ್ರೆ, 86ರಲ್ಲಿ 83 ಬಿಲ್‌ಗೆ ಮುಂಚಿನವು. ಬರೀ 3 ಆಮೇಲಿನವು. ಇಷ್ಟು ಸರಳ ವಿಷಯವನ್ನ ರಿಪೋರ್ಟ್ ಬರೆಯುವಾಗ ನಾನು ಯೋಚಿಸಲಿಲ್ಲ, ಯಾಕಂದ್ರೆ "ಕ್ಯಾನ್ಸಲ್ ಎಣಿಸು" ಅಂದಿದ್ದರು, ಎಣಿಸಿದೆ.

ಮರುದಿನ ಆಫೀಸಿಗೆ ಹೋಗಿ ಹೇಳಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೇಲ್ಸ್ ನೋಡಿಕೊಳ್ತಿದ್ದ ಮೇಡಂ ನೇರವಾಗಿ ಹೇಳಿದರು, "ಈ ರಿಪೋರ್ಟ್ ತೋರಿಸಿಯೇ ಈ ತಿಂಗಳು ಎರಡು ಹೋಟೆಲ್ ಬಂದಿವೆ. ನಮಗೆ ದುಡ್ಡು ಕೊಡೋದು ಮಾಲೀಕರು, ಸಪ್ಲೈಯರ್ ಅಲ್ಲ." ಅವರ ಮಾತಲ್ಲಿ ಸುಳ್ಳಿರಲಿಲ್ಲ. ಈ ಕೆಲಸದಲ್ಲಿ ಇವತ್ತಿಗೂ ನಾನು ಒದ್ದಾಡೋದು ಇದರ ಜೊತೆಗೇ: ದುಡ್ಡು ಕೊಡೋನು ಒಬ್ಬ, ಬಳಸೋನು ಇನ್ನೊಬ್ಬ. ಬಳಸೋನಿಗೆ ನೋವಾದ್ರೆ ಅವನು ಜಗಳ ಆಡಲ್ಲ, ದೂರು ಕೊಡಲ್ಲ. ಸುಮ್ಮನೆ ಒಂದು ಉಪಾಯ ಹುಡುಕ್ಕೊಳ್ತಾನೆ. ಆಮೇಲೆ ನಿಮ್ಮ ಪರದೆ ಮೇಲೆ ಬರೋದು ಪೂರಾ ಸುಳ್ಳು ಲೆಕ್ಕ, ನೋಡೋಕೆ ಮಾತ್ರ ಬಹಳ ಚೆನ್ನಾಗಿರುತ್ತೆ.

ಫೌಂಡರ್ ಒಂದು ಮಾತು ಹೇಳಿದರು. "ಕೋಡ್ ಮುಟ್ಟಬೇಡ. ಏನು ಬದಲಾಗಬೇಕು, ಯಾಕೆ, ಮಾಲೀಕರಿಗೆ ಏನು ಲಾಭ, ಎರಡು ಪುಟದಲ್ಲಿ ಬರಿ. ಮಾಲೀಕರು ಒಪ್ಪಿದ್ರೆ ಮಾಡೋಣ." ಎರಡು ಪುಟ ಬರೆಯೋಕೆ ಎರಡು ರಾತ್ರಿ ಬೇಕಾಯ್ತು. ಅಷ್ಟು ಕಷ್ಟದ ಪ್ರೋಗ್ರಾಂ ನಾನು ಬರೆದಿರಲಿಲ್ಲ. ಬರೆದದ್ದು ಇಷ್ಟು: ಬಿಲ್‌ಗೆ ಮುಂಚಿನ ಬದಲಾವಣೆಯನ್ನ ಕ್ಯಾನ್ಸಲ್ ಅಂತ ಕರೆಯೋದೇ ಬೇಡ, ತಿದ್ದುಪಡಿ ಅನ್ನೋಣ, ಅದಕ್ಕೆ ಹೆಸರು ಹಚ್ಚೋದು ಬೇಡ. ಬಿಲ್ ಆದ ಮೇಲಿನದು ಮಾತ್ರ ಮಾಲೀಕರಿಗೆ ತಕ್ಷಣ ಹೋಗಲಿ, ರಾತ್ರಿವರೆಗೆ ಕಾಯೋದು ಬೇಡ. ಬಟನ್‌ಗಳು ದೊಡ್ಡದಾಗಲಿ, ಒಂದೇ ಥರದ ಹೆಸರುಗಳು ಅಕ್ಕಪಕ್ಕ ಬೇಡ.

ಮಾಲೀಕರ ಹತ್ತಿರ ಹೋದದ್ದು ಜೂನ್ 29ಕ್ಕೆ. ಅರುವತ್ತು ದಾಟಿದವರು. ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿದವರು. ಮುಂಬೈನಲ್ಲಿರೋ ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇಂಥ ಒಬ್ಬ ಹಿರಿಯರು ಇದ್ದೇ ಇರ್ತಾರೆ. ಹುಡುಗರ ಪರವಾಗಿ ಶುರುಮಾಡಿದ್ರೆ ಕರಗ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು: "ನಾನೂ ಟೇಬಲ್ ಒರೆಸಿದವನೇ ಮಾರಾಯ. ಅದಕ್ಕೇ ನನಗೆ ಗೊತ್ತುಂಟು ಎಲ್ಲೆಲ್ಲಿ ಕದೀತಾರೆ ಅಂತ."

ಮಾತು ನಿಂತುಹೋಯ್ತು. ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿ 86ರ ಪಟ್ಟಿ ತೋರಿಸಿದೆ. ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಬೆರಳಿಟ್ಟು ನೋಡಿದರು. ಬಿಲ್ ಆದ ಮೇಲಿನ ಮೂರು ಸಾಲಿನ ಹತ್ತಿರ ಬಹಳ ಹೊತ್ತು ನಿಂತರು. ಆ ಮೂರರ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ, "ಜುಲೈಯಿಂದ ಕಟ್ ಮಾಡೂದಿಲ್ಲ. ನಿಮ್ಮದು ಹೊಸದು ಹಾಕಿ" ಅಂದರು. ಜೂನ್‌ದು ಏನು ಸರ್ ಅಂತ ಕೇಳಿದೆ. "ಅದು ಬರೆದಾಗಿದೆ" ಅಂದರು.

ಹೊಸದು ಜುಲೈ ಮೊದಲ ವಾರ ಹೋಯ್ತು. ಮಳೆಗಾಲ, ನೀರು ತುಂಬಿದ ರಸ್ತೆ, ಜಿಎಸ್‌ಟಿ ಗಲಾಟೆ, ಎಲ್ಲದರ ನಡುವೆ. ಎರಡು ವಾರ ಆದ ಮೇಲೆ ಆರ್ಡರ್‌ಗೂ ಬಿಲ್‌ಗೂ ನಡುವಿನ ಅಂತರ ನೋಡಿದೆ: 14 ನಿಮಿಷ. ದೋಸೆ ಬೇಯೋಕೆ, ತಿನ್ನೋಕೆ, ಕಾಫಿ ಕುಡಿಯೋಕೆ ಬೇಕಾಗೋ ಹೊತ್ತು. ನನ್ನ ಜೀವನದಲ್ಲಿ ಯಾವ ನಂಬರ್ ನೋಡಿಯೂ ಅಷ್ಟು ಸಂತೋಷ ಆಗಿಲ್ಲ. ತಮಾಷೆ ಅಂದ್ರೆ, ಹುಡುಗರು ನಿಜವಾಗಿ ಬಳಸೋಕೆ ಶುರುಮಾಡಿದ ಮೇಲೆ ನೆಟ್‌ವರ್ಕ್ ಸಮಸ್ಯೆಯೂ ನಿಜವಾಗಿ ಬಂತು. ನನ್ನ ಮೂರು ವಾರದ ಕೋಡ್ ಆಗ ಕೆಲಸಕ್ಕೆ ಬಂದು, ಮೊದಲ ಭಾನುವಾರವೇ ಕ್ರ್ಯಾಶ್ ಆಯ್ತು.

ಇಷ್ಟು ಹೊತ್ತು ಮಾಡಿದ್ದಕ್ಕೆ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಅಂತ ಹೆಸರಿದೆ ಅನ್ನೋದು ಫೌಂಡರ್ ಹೇಳಿದ ಮೇಲೆ ಗೊತ್ತಾಗಿದ್ದು. ಹೊಸದೇನೂ ಅಲ್ಲ. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮೆಕೆಲ್ರಾಯ್ ಎಂಬ ಯುವಕ ಕ್ಯಾಮೇ ಸೋಪಿನ ಪ್ರಚಾರ ನೋಡಿಕೊಳ್ತಿದ್ದರು. ಕಂಪನಿಯ ಗಮನವೆಲ್ಲ ತಮ್ಮದೇ ಇನ್ನೊಂದು ಸೋಪು ಐವರಿ ಮೇಲೆ. ಆಗ ಅವರು ಮೇಲಿನವರಿಗೆ ಒಂದು ಟಿಪ್ಪಣಿ ಬರೆದರು: ಒಂದೊಂದು ಬ್ರಾಂಡಿಗೂ ಅದರ ಪೂರ್ತಿ ಹೊಣೆ ಹೊರೋ ಜನ ಬೇಕು, ಮಾರಾಟ ಎಲ್ಲಿ ಸೊರಗಿದೆಯೋ ಅಲ್ಲಿಗೆ ಅವರೇ ಹೋಗಿ ನೋಡಬೇಕು ಅಂತ. ಸಾಫ್ಟ್‌ವೇರ್ ಕಂಪನಿಗಳ ಪ್ರಾಡಕ್ಟ್ ಮ್ಯಾನೇಜರ್ ವಂಶಾವಳಿ ಆ ಟಿಪ್ಪಣಿಗೇ ಹೋಗಿ ಮುಟ್ಟುತ್ತೆ ಅಂತಾರೆ. ಮೆಕೆಲ್ರಾಯ್ ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ಆದರು, ಅದು ಬೇರೆ ಕಥೆ.

ಡಿಸೆಂಬರ್‌ನಲ್ಲಿ ಪ್ಲೇಸ್‌ಮೆಂಟ್. ದೊಡ್ಡ ಕಂಪನಿಯಲ್ಲಿ ಡೆವಲಪರ್ ಆಗಿ ಸೆಲೆಕ್ಟ್ ಆದೆ. ಅದೇ ವಾರ ಸ್ಟಾರ್ಟಪ್‌ನವರೂ ಕರೆದರು, ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಂಬಳಕ್ಕೆ, ಅಸೋಸಿಯೇಟ್ ಪ್ರಾಡಕ್ಟ್ ಮ್ಯಾನೇಜರ್ ಅಂತ. ಬಿಇಗೆ ತೆಗೆದ ಸಾಲ ಇನ್ನೂ ಬಾಕಿ ಇತ್ತು. ಅಪ್ಪನಿಗೆ ಫೋನ್ ಮಾಡಿದೆ.

"ಮ್ಯಾನೇಜರ್ ಅಂದ್ರೆ ಕೈಕೆಳಗೆ ಎಷ್ಟು ಜನ ಇರ್ತಾರಪ್ಪಾ?"

"ಯಾರೂ ಇರಲ್ಲ."

"ಮತ್ತೆ ಎಂಥಾ ಮ್ಯಾನೇಜರ್ ಅದು?"

ಇದಕ್ಕೆ ನನ್ನ ಹತ್ರ ಇವತ್ತಿಗೂ ಸರಿಯಾದ ಉತ್ತರ ಇಲ್ಲ. ಪ್ರಾಡಕ್ಟ್ ಮ್ಯಾನೇಜರ್ ಅಂದ್ರೆ ಆ ಪ್ರಾಡಕ್ಟಿನ ಸಿಇಒ ಅಂತ ಕೆಲವರು ಹೇಳ್ತಾರೆ. ನಂಬಬೇಡಿ. ಸಿಇಒ ಹೇಳಿದ್ರೆ ಜನ ಮಾಡ್ತಾರೆ. ನಾವು ಹೇಳಿದ್ರೆ "ಯಾಕೆ?" ಅಂತ ಕೇಳ್ತಾರೆ. ಕೇಳಲೇಬೇಕು. ಅಪ್ಪನಿಗೆ ಹೋಟೆಲ್ ಕಥೆ ಪೂರ್ತಿ ಹೇಳಿದೆ, 1,140 ರೂಪಾಯಿ ವಿಷಯವನ್ನೂ. ಅವರು ದಾವಣಗೆರೆಯ ಕಾಟನ್ ಮಿಲ್ಲಲ್ಲಿ ಅದು ಮುಚ್ಚೋವರೆಗೂ ದುಡಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಗೇಟ್‌ನಾಗೂ ಒಬ್ಬ ಟೈಂ ಕೀಪರ್ ಇದ್ದ" ಅಂದರು. ಆಮೇಲೆ "ಸಾಲದ ಕಂತು ನಾನು ನೋಡ್ಕೋತೀನಿ, ಒಂದು ವರ್ಷ ನೋಡು" ಅಂದರು.

ಎಂಬಿಎ ಬೇಕಾ ಅಂತ ಬಹಳ ಜನ ಕೇಳ್ತಾರೆ. ನನ್ನ ಹತ್ರ ಇಲ್ಲ, ಜೊತೆಯವರಲ್ಲಿ ಅರ್ಧ ಜನರ ಹತ್ರ ಇದೆ. ಕೋಡಿಂಗ್ ಬರಬೇಕಾ? ಬಂದ್ರೆ ಒಳ್ಳೇದು. ನನಗೆ ಡೇಟಾಬೇಸ್ ಗೊತ್ತಿದ್ದರಿಂದ 83 ಮತ್ತು 3 ಸಿಕ್ಕಿತು. ಅದೇ ವಿದ್ಯೆ 40 ಸೆಕೆಂಡನ್ನ ಗಡಿಯಾರದ ದೋಷ ಅಂತಲೂ ನಂಬಿಸಿತ್ತು. ಇಂಟರ್ನ್‌ಶಿಪ್ ಹುಡುಕ್ತಿರೋರಿಗೆ ಒಂದೇ ಒಂದು ವಿಷಯ ಹೇಳ್ತೀನಿ: ಸೇರೋ ಮುಂಚೆ, ನಿಮ್ಮ ಕೆಲಸವನ್ನ ಬಳಸೋ ಜನರ ಹತ್ತಿರ ಹೋಗೋಕೆ ಬಿಡ್ತೀರಾ ಅಂತ ಕೇಳಿ. ಬಿಡಲ್ಲ ಅಂದ್ರೆ ನೀವು ಕಲಿಯೋದು ಕೋಡಿಂಗ್ ಮಾತ್ರ. ಅದೂ ತಪ್ಪಲ್ಲ, ಗೊತ್ತಿರಲಿ ಅಷ್ಟೇ. ಇನ್ನು, ಈ ಕೆಲಸ ದಿನಾ ಹೋಟೆಲ್ ಕಥೆ ಥರ ಇರಲ್ಲ. ಮುಕ್ಕಾಲು ಪಾಲು ಮೀಟಿಂಗು, ಮತ್ತೆ "ಈಗ ಆಗಲ್ಲ" ಅಂತ ಸಭ್ಯವಾಗಿ ಹೇಳೋದು.

2018ರ ಜುಲೈನಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ಶನಿವಾರ ಘಾಟ್‌ಕೋಪರ್‌ಗೆ ಹೋದೆ. ಹಿಂದಿನ ವರ್ಷ ನನ್ನ ಇಂಟರ್ನ್‌ಶಿಪ್ ದುಡ್ಡಲ್ಲೇ ಆ 1,140 ರೂಪಾಯಿ ಕೊಡಬಹುದಿತ್ತು. ಕೊಟ್ಟರೆ "ಯಾರೋ" ಅಂದದ್ದು ಸುಳ್ಳು ಅಂತ ಒಪ್ಪಬೇಕಾಗ್ತಿತ್ತು, ಅದಕ್ಕೇ ಕೊಟ್ಟಿರಲಿಲ್ಲ. ಈ ಸಲ ಜೇಬಲ್ಲಿ ಇಟ್ಟುಕೊಂಡು ಹೋಗಿದ್ದೆ. ಭಟ್ಟರು ಗುರುತು ಹಿಡಿದು ಕಾಫಿ ಕೊಟ್ಟರು. ಚೀಟಿ ಈಗ ಒಲೆ ಪಕ್ಕ ಸಾಲಾಗಿ ಅಂಟಿಸಿಟ್ಟಿದ್ದರು. ಬೈಂದೂರಿನ ಹುಡುಗ ಎಲ್ಲಿ ಅಂತ ಕೇಳಿದೆ. ದೀಪಾವಳಿಗೆ ಊರಿಗೆ ಹೋದವ ವಾಪಸ್ ಬರಲಿಲ್ಲ, ಫೋನ್ ನಂಬರೂ ಬದಲಾಗಿದೆ ಅಂದರು.

ಗಲ್ಲಾದ ಟ್ಯಾಬ್ಲೆಟ್ ತೆಗೆದು ನೋಡಿದೆ. ಸಪ್ಲೈಯರ್ ಪಟ್ಟಿಯಲ್ಲಿ ನಾಲ್ಕನೇದಾಗಿ ಅವನ ಹೆಸರು ಹಾಗೇ ಇತ್ತು. ಕೆಲಸ ಬಿಟ್ಟವರ ಹೆಸರು ತೆಗೆಯೋ ವ್ಯವಸ್ಥೆ ನಮ್ಮ ಆ್ಯಪ್‌ನಲ್ಲಿ ಆಗ ಇರಲೇ ಇಲ್ಲ. ಸೋಮವಾರ ಆಫೀಸಲ್ಲಿ ನನ್ನ ಹೊಸ ಹುದ್ದೆಯ ಮೊದಲ ನೋಟ್ ಅದರ ಬಗ್ಗೆಯೇ ಬರೆದೆ.